ಎತ್ತಿಗೆ ಸೋಮವಾರವುಂಟು

(ಶ್ರಾವಣ ಮಾಸದ ಪ್ರವಚನಮಾಲೆಯಲ್ಲಿ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಸೀಮೆಯ ಸದ್ಭಕ್ತರ ಸಮ್ಮುಖದಲ್ಲಿ ಪೂಜ್ಯರು ದಯಪಾಲಿಸಿದ ಉಪದೇಶ)



ಇಂದು ಶ್ರಾವಣ ಸೋಮವಾರ. ಬೆಳಿಗ್ಗೆ ಪೂಜೆ ಮುಗಿಸಿ ನಾವು ಊರ ಹೊರಗಿನ ದಾರಿಯಲ್ಲಿ ನಾಲ್ಕು ಹೆಜ್ಜೆ ನಡೆದು ಬರುತ್ತಿದ್ದೆವು. ಒಂದು ಮನೆಯ ಮುಂದೆ ಜೋಡಿ ಎತ್ತುಗಳು ಮೆಲುಕು ಹಾಕುತ್ತ ಮಲಗಿದ್ದವು. ಹೊಲದಲ್ಲಿ ಕೆಲಸವಿಲ್ಲದೆ ಅಲ್ಲ. ಹತ್ತಿಗೆ ಎಡೆ ಹೊಡೆಯುವುದು ಬಾಕಿ ಇದೆ; ಮಳೆ ಎರಡು ದಿನ ಬಿಡುವು ಕೊಟ್ಟಿದೆ; ಇಂಥ ಹೊತ್ತು ತಪ್ಪಿದರೆ ಎರೆಮಣ್ಣು ಮತ್ತೆ ಕಾಲಿಡಗೊಡುವುದಿಲ್ಲ. ಆ ಮನೆಯ ಚಿಕ್ಕ ಹುಡುಗ ಅಜ್ಜನನ್ನು ಕೇಳುತ್ತಿದ್ದ: "ಯಜ್ಜಾ, ಇವತ್ತ ಯಾಕ ಹೂಡಂಗಿಲ್ಲ?" ಅಜ್ಜ ಹೇಳಿದ: "ಇವತ್ತ ಸೋಮಾರಪಾ. ಬಸವಣ್ಣಗ ಸೂಟಿ."

ಎಷ್ಟು ಚಿಕ್ಕ ಮಾತು! ಆದರೆ ಅದರ ಹಿಂದೆ ಎಷ್ಟು ತಲೆಮಾರಿನ ಧರ್ಮವಿದೆ ನೋಡಿರಿ. ಈಗ ಟ್ರ್ಯಾಕ್ಟರ್ ಬಂದಿದೆ, ಎತ್ತುಗಳು ಕಡಿಮೆಯಾಗಿವೆ. ಆದರೂ ಎತ್ತು ಕಟ್ಟಿದ ಮನೆಯಲ್ಲಿ ಸೋಮವಾರ ಕೊರಳಿಗೆ ನೊಗ ಏರುವುದಿಲ್ಲ. ಸಾಲವಿದ್ದರೂ ಏರುವುದಿಲ್ಲ, ಹದ ತಪ್ಪುವ ಭಯವಿದ್ದರೂ ಏರುವುದಿಲ್ಲ. ದುಡಿಯುವ ಜೀವಕ್ಕೆ ದಣಿವು ಉಂಟು, ದಣಿದ ಜೀವಕ್ಕೆ ವಿಶ್ರಾಂತಿ ಕೊಡುವುದು ಒಡೆಯನ ಕರ್ತವ್ಯ ಎಂದು ನಮ್ಮ ಹಿರಿಯರು ತಿಳಿದಿದ್ದರು. ಆ ಎತ್ತಿಗೆ ಬಾಯಿಲ್ಲ. ಅದು "ನನಗೆ ಆಗುವುದಿಲ್ಲ" ಎಂದು ಹೇಳಲಾರದು. ಆದಕಾರಣ ಅದರ ಪರವಾಗಿ ಸಂಪ್ರದಾಯವೇ ಮಾತಾಡಿತು.

ಅದೇ ಮನೆಯ ಮೊಮ್ಮಗಳು ಪಟ್ಟಣದಲ್ಲಿ ನರ್ಸಿಂಗ್ ಕಲಿಯುತ್ತಿದ್ದಾಳೆ. ನಾವು ಅಜ್ಜನನ್ನು ಕೇಳಿದೆವು: "ಮೊಮ್ಮಗಳು ಹೇಂಗದಾಳಪಾ?" ಅಜ್ಜ ಹಿಗ್ಗಿನಿಂದ ಹೇಳಿದ: "ಭಾಳ ಛಲೋ ಅದಾಳ್ರಿ ಅಜ್ಜಾರ. ಹಗಲೂ ರಾತ್ರಿ ದುಡೀತಾಳ್ರಿ. ಮೂರು ತಿಂಗಳಾತು, ಊರಿಗೆ ಬರಾಕ ಪುರಸತ್ತಿಲ್ಲ." ಅವನ ಹಿಗ್ಗು ಸಹಜವಾದದ್ದು. ಆದರೆ ನಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದು ನಿಂತಿತು. ಎತ್ತಿಗೆ ಸೋಮವಾರವುಂಟು. ಈ ಮಗಳಿಗೆ ಯಾವ ವಾರ?

ಇಂದಿನ ಉಪದೇಶದಲ್ಲಿ ಈ ಒಂದು ಪ್ರಶ್ನೆಯನ್ನೇ ನಿಮ್ಮ ಮುಂದೆ ಇಡಬೇಕೆಂದಿದ್ದೇವೆ.

ಬಂಧುಗಳೇ, ನಮ್ಮ ಭಾಗಕ್ಕೆ ವೈದ್ಯವಿದ್ಯೆ ಬಂದದ್ದು ಬಹಳ ಹಿಂದೇನಲ್ಲ. ಹುಬ್ಬಳ್ಳಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದು 1957ರಲ್ಲಿ. ನೀವೆಲ್ಲ ಅದನ್ನು ಕಿಮ್ಸ್ ಎಂದು ಕರೆಯುತ್ತ ಬಂದಿದ್ದೀರಿ. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯವರ ವೈದ್ಯಕೀಯ ಕಾಲೇಜು 1963ರಲ್ಲಿ ಆರಂಭವಾಯಿತು. ಅಂದು ನಮ್ಮ ಹಳ್ಳಿಗಳಿಂದ ಡಾಕ್ಟರಾಗಲು ಹೋದವರನ್ನು ಬೆರಳ ಮೇಲೆ ಎಣಿಸಬಹುದಿತ್ತು. ಇಂದು ಈ ಸಭೆಯಲ್ಲಿ ಕೈ ಎತ್ತಿರೆಂದರೆ, ಮಗನೋ ಮಗಳೋ ಸೊಸೆಯೋ ಆಸ್ಪತ್ರೆಯ ಯಾವುದಾದರೊಂದು ವಿದ್ಯೆ ಕಲಿಯುತ್ತಿರುವ ಮನೆಗಳು ಹಲವು ಸಿಕ್ಕಾವು. ಎಂಬಿಬಿಎಸ್ ಎಂದರೆ ನಾಲ್ಕೂವರೆ ವರ್ಷ ಓದು, ಮೇಲೆ ಒಂದು ವರ್ಷ ಆಸ್ಪತ್ರೆಯಲ್ಲಿ ದುಡಿಮೆ. ಬಿ.ಎಸ್ಸಿ. ನರ್ಸಿಂಗ್ ಎಂದರೆ ನಾಲ್ಕು ವರ್ಷ. ಇವರಲ್ಲದೆ ಲ್ಯಾಬಿನ ಕೆಲಸ ಕಲಿಯುವವರು, ಔಷಧಶಾಸ್ತ್ರ ಕಲಿಯುವವರು ಬೇರೆ. ಹೊಲ ಅಡವಿಟ್ಟು, ಸೊಸೈಟಿಯ ಸಾಲ ತೆಗೆದು, ಬಂಗಾರ ಮಾರಿ ಓದಿಸುತ್ತೀರಿ. ಇದು ದೊಡ್ಡ ತ್ಯಾಗ. ಇದನ್ನು ನಾವು ಕೊಂಡಾಡುತ್ತೇವೆ.

ಆದರೆ ಆ ಮಕ್ಕಳು ಅಲ್ಲಿ ಏನು ಅನುಭವಿಸುತ್ತಾರೆಂಬುದು ನಮಗೆ ತಿಳಿದಿದೆಯೇ? ಹತ್ತೊಂಬತ್ತು ವರ್ಷದ ಹುಡುಗಿ. ನಿನ್ನೆಯವರೆಗೆ ತಾಯಿಯ ಮಗ್ಗುಲಲ್ಲಿ ಮಲಗಿದವಳು. ಇಂದು ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ನಿಂತಿದ್ದಾಳೆ. ಒಂದು ಕಡೆ ಹೆರಿಗೆಯ ನೋವಿನಲ್ಲಿ ಒಬ್ಬಳು ಕೂಗುತ್ತಿದ್ದಾಳೆ, ಇನ್ನೊಂದು ಕಡೆ ಸುಟ್ಟ ಮೈಯ ಮಗು ನರಳುತ್ತಿದೆ, ಮತ್ತೊಂದು ಮಂಚದಲ್ಲಿ ಒಬ್ಬ ಮುದುಕ ಕಣ್ಣು ಮುಚ್ಚುತ್ತಿದ್ದಾನೆ. ನಾವು ನೀವು ಜೀವಮಾನದಲ್ಲಿ ನಾಲ್ಕೋ ಐದೋ ಸಾವುಗಳನ್ನು ಹತ್ತಿರದಿಂದ ಕಾಣುತ್ತೇವೆ. ಪ್ರತಿ ಸಾವಿಗೂ ಊರು ಕೂಡುತ್ತದೆ, ಭಜನೆಯಾಗುತ್ತದೆ, ಬಂಧುಗಳು ಬಂದು ಮಾತಾಡಿಸುತ್ತಾರೆ. ಆ ಹುಡುಗಿ ಒಂದೇ ತಿಂಗಳಲ್ಲಿ ಅಷ್ಟು ಸಾವು ಕಂಡಿರಬಹುದು. ಅವಳನ್ನು ಯಾರು ಮಾತಾಡಿಸುತ್ತಾರೆ? ಒಂದು ಹಾಸಿಗೆಯ ಚಾದರ ಮಡಚುವಷ್ಟರಲ್ಲಿ ಮತ್ತೊಂದು ಹಾಸಿಗೆಯಿಂದ ಕರೆ ಬರುತ್ತದೆ. ಅಳುವುದಕ್ಕೂ ಅವಳಿಗೆ ಹೊತ್ತಿಲ್ಲ.

ಈಗ ನಾವು ನಮ್ಮದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಬೇಕಾಗಿದೆ. ಪೀಠದ ಮೇಲೆ ಕುಳಿತವರು ತಪ್ಪು ಒಪ್ಪಿಕೊಳ್ಳಬಾರದೆಂಬ ನಿಯಮವಿಲ್ಲ. ಒಪ್ಪಿಕೊಳ್ಳದಿದ್ದರೆ ಪೀಠಕ್ಕೇ ಭಾರ.

ಕೆಲವು ವರ್ಷಗಳ ಹಿಂದಿನ ಮಾತು. ಎಳ್ಳಮಾಸಿಯ ಮರುದಿನ. ಚರಗ ಚೆಲ್ಲಲು ಊರಿಗೆ ಬಂದಿದ್ದ ಒಬ್ಬ ಮಗಳು ತಾಯಿಯೊಡನೆ ಮಠಕ್ಕೆ ಬಂದಳು. ಯಾವ ಊರು, ಯಾವ ಮನೆತನ, ಎಲ್ಲಿ ಕಲಿಯುತ್ತಿದ್ದಳು ಎಂಬುದನ್ನು ನಾವು ಹೇಳುವುದಿಲ್ಲ, ನೀವೂ ಊಹಿಸಬೇಡಿರಿ. ನರ್ಸಿಂಗ್ ಎರಡನೆಯ ವರ್ಷ. ನಮಸ್ಕಾರ ಮಾಡಿ ತಲೆ ತಗ್ಗಿಸಿ ಹೇಳಿದಳು: "ಅಜ್ಜಾರ, ನನಗ ನಿದ್ದಿ ಬರವಲ್ದ್ರಿ. ಒಬ್ಬ ಮುತ್ಯಾ ನನ್ನ ಕೈಯಾಗ ಹೋದರ್ರಿ. ಕಣ್ಣು ಮುಚ್ಚಿದರ ಅವರ ಮುಖಾನ ಕಾಣತೈತ್ರಿ. ನನಗ ಆಗವಲ್ದ್ರಿ."

ಹಿಂದೆ ಭಕ್ತರ ಸಾಲು ನಿಂತಿತ್ತು. ನಾವು ಹೇಳಿದೆವು: "ಎಲ್ಲಾ ಶಿವನ ಇಚ್ಛಾ ತಂಗಿ. ಧೈರ್ಯ ತಗೋ. ರೋಗಿಗಳ ಸೇವಾ ಅಂದರ ಶಿವನ ಸೇವಾ. ಕಾಯಕ ಬಿಡಬ್ಯಾಡ." ವಿಭೂತಿ ಕೊಟ್ಟೆವು, ಎರಡು ಬಾಳೆಹಣ್ಣು ಕೊಟ್ಟೆವು. ಅವಳು "ಹೂನ್ರಿ" ಎಂದು ಹೋದಳು. ನಮ್ಮ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅವಳು ಮೂರು ಸಲ ಬಾಗಿಲು ಬಡಿದಿದ್ದಳು, ನಾವು ಒಳಗಿನಿಂದ ಉಪದೇಶ ಮಾಡಿ ಕಳಿಸಿದ್ದೆವು. ಎರಡನೆಯ ಪ್ರಶ್ನೆ ಕೇಳಲಿಲ್ಲ. "ನಿದ್ದಿ ಬರದ ಎಷ್ಟು ದಿನಾ ಆತು? ಊಟಾ ಸೇರತೈತೇನು? ಬದುಕೋದ ಬ್ಯಾಡ ಅನಸತೈತೇನು?" ಎಂದು ಕೇಳಲಿಲ್ಲ.

ಯುಗಾದಿಯ ಹೊತ್ತಿಗೆ ಅವಳ ತಂದೆ ಓಡಿಬಂದ. ಮಗಳು ಊಟ ಬಿಟ್ಟಿದ್ದಳಂತೆ. ತನ್ನ ಪುಸ್ತಕ, ತನ್ನ ಒಳ್ಳೆಯ ಸೀರೆ ಗೆಳತಿಯರಿಗೆ ಹಂಚಿದ್ದಳಂತೆ. ಜೊತೆಯ ಕೋಣೆಯ ಹುಡುಗಿಗೆ ಸಂಶಯ ಬಂದು ನೇರವಾಗಿ ಕೇಳಿದಳು: "ನೀ ಸಾಯೂ ವಿಚಾರ ಮಾಡೀಯೇನ?" ಇವಳು ಅತ್ತಳು, ಹೌದೆಂದಳು. ಆ ಗೆಳತಿ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ರಾತ್ರಿಯೆಲ್ಲ ಕೈ ಹಿಡಿದು ಪಕ್ಕದಲ್ಲಿ ಕುಳಿತಳು. ಬೆಳಕು ಹರಿದೊಡನೆ ವಸತಿಗೃಹದ ಹಿರಿಯರಿಗೆ ಹೇಳಿದಳು, ತಂದೆಗೆ ಫೋನು ಮಾಡಿದಳು, ಮಾನಸಿಕ ವೈದ್ಯರ ಬಳಿ ತಾನೇ ಜೊತೆಗೆ ಹೋದಳು. ವೈದ್ಯರು "ಇದು ಖಿನ್ನತೆ ಎಂಬ ಕಾಯಿಲೆ, ಗುಣವಾಗುತ್ತದೆ" ಎಂದರು. ಔಷಧ ಕೊಟ್ಟರು, ವಾರವಾರ ಕೂಡಿಸಿ ಮಾತಾಡಿಸಿದರು. ತಿಂಗಳುಗಳು ಹಿಡಿದವು. ಆ ಮಗಳು ಮತ್ತೆ ಓದಿ ಮುಗಿಸಿ ಈಗ ಒಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದಾಳೆ. ಕಳೆದ ಜಾತ್ರೆಗೆ ಬಂದಾಗ ನಾವೇ ಅವಳ ಕ್ಷಮೆ ಕೇಳಿದೆವು. ಈ ಮಾತನ್ನು ಸಭೆಯಲ್ಲಿ ಹೇಳಲು ಅವಳೇ ಒಪ್ಪಿಗೆ ಕೊಟ್ಟಳು. "ಹೇಳ್ರಿ ಅಜ್ಜಾರ, ಇನ್ನೊಬ್ಬಾಕಿಗೆ ಉಪಯೋಗ ಆಗಲಿ" ಎಂದಳು.

ಆ ಗೆಳತಿ ಯಾವ ಶಾಸ್ತ್ರವನ್ನೂ ಓದಿದವಳಲ್ಲ. ಕೇಳಿದಳು, ಕುಳಿತಳು, ಕರೆದೊಯ್ದಳು. ಈ ಮೂರೇ ಕೆಲಸ. ನಾವು ಅಂದು ಮಾಡದೇ ಬಿಟ್ಟದ್ದೂ ಈ ಮೂರೇ.

ಕೆಲವರು ಭಯಪಡುತ್ತಾರೆ: "ಸಾಯುವ ವಿಚಾರ ಇದೆಯೇ ಎಂದು ನಾವೇ ಕೇಳಿದರೆ ಇಲ್ಲದ ವಿಚಾರ ತಲೆಗೆ ಹಾಕಿದಂತಾದೀತು" ಎಂದು. ಇದು ತಪ್ಪು ತಿಳುವಳಿಕೆ. ಮನೋವೈದ್ಯರು ಇದನ್ನು ಚೆನ್ನಾಗಿ ಪರೀಕ್ಷಿಸಿ ನೋಡಿದ್ದಾರೆ. ಪ್ರೀತಿಯಿಂದ ನೇರವಾಗಿ ಕೇಳುವುದರಿಂದ ಆ ವಿಚಾರ ಹುಟ್ಟುವುದಿಲ್ಲ; ಒಳಗೇ ಕುದಿಯುತ್ತಿದ್ದುದು ಹೊರಗೆ ಬಂದು ಎದೆ ಹಗುರಾಗುತ್ತದೆ.

ಇದು ಒಬ್ಬ ಮಗಳ ಕಥೆಯಷ್ಟೇ ಆಗಿದ್ದರೆ ಇಷ್ಟು ದೊಡ್ಡ ಸಭೆಯಲ್ಲಿ ಹೇಳುತ್ತಿರಲಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗವು ವೈದ್ಯವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಒಂದು ಕಾರ್ಯಪಡೆಯನ್ನು ನೇಮಿಸಿತ್ತು. ಅದರ ವರದಿ 2024ರಲ್ಲಿ ಹೊರಬಂದಿತು. ಎಂಬಿಬಿಎಸ್ ಓದುವ 25,590 ಮಕ್ಕಳೂ ಅದರ ಮೇಲಿನ ಪದವಿ ಓದುವ 5,337 ವೈದ್ಯರೂ ಅವರ ಪ್ರಶ್ನೆಗಳಿಗೆ ಸ್ವ ಇಚ್ಛೆಯಿಂದ ಉತ್ತರ ಕೊಟ್ಟರು. ಎಂಬಿಬಿಎಸ್ ಮಕ್ಕಳಲ್ಲಿ ನೂರಕ್ಕೆ 16ರಷ್ಟು, ಮೇಲಿನ ಪದವಿಯವರಲ್ಲಿ ನೂರಕ್ಕೆ 31ರಷ್ಟು ಮಂದಿ ತಮಗೆ ಜೀವ ಬೇಡವೆನಿಸುವ ವಿಚಾರ ಬಂದದ್ದುಂಟೆಂದು ಹೇಳಿದರು. ನೂರಕ್ಕೆ 31! ಕಲಿಯುತ್ತ ಕಲಿಯುತ್ತ ದುಡಿಯುವ ಮೂವರು ವೈದ್ಯರಲ್ಲಿ ಹತ್ತಿರ ಹತ್ತಿರ ಒಬ್ಬರು. ನಮ್ಮ ಜೀವ ಉಳಿಸಲು ನಿಂತವರು ತಮ್ಮ ಜೀವದ ಮೇಲೆಯೇ ಬೇಸತ್ತಿದ್ದಾರೆ. ಇದು ವೈದ್ಯರಾಗುವವರ ಲೆಕ್ಕ ಮಾತ್ರ. ನರ್ಸಿಂಗ್ ಕಲಿಯುವ ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಈ ಎಣಿಕೆಯಲ್ಲಿ ಬಂದಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಹಿರಿಯರು ಹೇಳುತ್ತಾರೆ: "ವಿದ್ಯೆ ಕಷ್ಟಪಡದೆ ಬರುತ್ತದೆಯೇ? ನಾವು ಪಡಲಿಲ್ಲವೇ?" ಮಾತು ಸರಿ. ಇದೇ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ಭೀಮಸೇನ ಜೋಶಿಯವರು ಗುರುವಿನ ಮನೆಯಲ್ಲಿ ನೀರು ಹೊತ್ತು ವಿದ್ಯೆ ಪಡೆದರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಹೋಗಿ ಕಲಿತರು. ಕಷ್ಟವಿಲ್ಲದ ವಿದ್ಯೆಯನ್ನು ನಾವು ಕೇಳುತ್ತಿಲ್ಲ. ಆದರೆ ಒಂದು ಭೇದವನ್ನು ಗಮನಿಸಿರಿ. ದಣಿದ ಸಂಗೀತಗಾರನ ಸ್ವರ ತಪ್ಪಿದರೆ ನಾಳೆ ಮತ್ತೆ ಹಾಡಬಹುದು. ದಣಿದ ಕೈಯಿಂದ ಔಷಧದ ಪ್ರಮಾಣ ತಪ್ಪಿದರೆ ಆ ರೋಗಿಗೆ ನಾಳೆ ಎಂಬುದೇ ಇಲ್ಲ.

1997ರಲ್ಲಿ ಆಸ್ಟ್ರೇಲಿಯ ದೇಶದ ವಿಜ್ಞಾನಿಗಳು ಒಂದು ಪ್ರಯೋಗ ಮಾಡಿದರು. ಎಡೆಬಿಡದೆ 17 ತಾಸು ಎಚ್ಚರವಿದ್ದವನ ಕೈಗೆ ಕಣ್ಣಿಗೆ ಎಷ್ಟು ಮಂಕು ಬಡಿಯುತ್ತದೆಂದು ಅಳೆದರು. 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರ ಇರುವವನಿಗೆ ಎಷ್ಟು ಮಂಕೋ ಅಷ್ಟೇ ಇವನಿಗೂ ಕಂಡಿತು. ಇಪ್ಪತ್ತನಾಲ್ಕು ತಾಸು ಎಚ್ಚರವಿದ್ದವನಿಗೆ ಅದರ ಇಮ್ಮಡಿ. ನಮ್ಮ ದೇಶದ ಕಾನೂನಿನಲ್ಲಿ 30 ಮಿಲಿಗ್ರಾಂ ದಾಟಿದವನು ಗಾಡಿ ನಡೆಸಿದರೆ ಪೊಲೀಸರು ಹಿಡಿದು ದಂಡ ಹಾಕುತ್ತಾರೆ. ಕುಡಿದವನ ಕೈಗೆ ಮೋಟಾರು ಕೊಡದ ನಾವು, ಒಂದೂವರೆ ದಿನ ಕಣ್ಣು ಮುಚ್ಚದವನ ಕೈಗೆ ನಮ್ಮ ತಾಯಿಯ ಜೀವ ಕೊಡುತ್ತೇವೆ. ಕುಡಿದವನದು ತಪ್ಪು, ಈ ಹುಡುಗನದೇನು ತಪ್ಪು? ಅವನಿಗೆ ಮಲಗಲು ಬಿಟ್ಟಿಲ್ಲ.

ಇದರ ಫಲ ಏನೆಂಬುದು ಹೊರದೇಶಗಳಲ್ಲಿ ಮೊದಲೇ ಕಂಡಿದೆ. ಅಮೆರಿಕದ ನ್ಯೂಯಾರ್ಕ್ ನಗರದ ಆಸ್ಪತ್ರೆಯಲ್ಲಿ 1984ರಲ್ಲಿ 18 ವರ್ಷದ ಒಬ್ಬ ಹುಡುಗಿ ತೀರಿಕೊಂಡಳು. ಆ ರಾತ್ರಿ ಅವಳನ್ನು ನೋಡಿಕೊಂಡವರು ಇನ್ನೂ ಕಲಿಯುತ್ತಿದ್ದ, ಬಹಳ ಹೊತ್ತಿನಿಂದ ದುಡಿಯುತ್ತಿದ್ದ ಎಳೆಯ ವೈದ್ಯರು. ಅವಳ ತಂದೆ ಬಿಡದೆ ಹೋರಾಡಿದ. ಕೊನೆಗೆ 1989ರಲ್ಲಿ ಆ ರಾಜ್ಯದವರು, ಕಲಿಯುವ ವೈದ್ಯರನ್ನು ವಾರಕ್ಕೆ 80 ತಾಸಿಗಿಂತ ಹೆಚ್ಚು ದುಡಿಸಬಾರದೆಂದು ನಿಯಮ ಮಾಡಿದರು. ನಮ್ಮಲ್ಲಿಯೂ ನಿಯಮ ಇಲ್ಲವೆಂದಲ್ಲ. ಕಿರಿಯ ವೈದ್ಯರ ಎಡೆಬಿಡದ ಕೆಲಸ ಸಾಮಾನ್ಯವಾಗಿ ದಿನಕ್ಕೆ 12 ತಾಸು, ವಾರಕ್ಕೆ 48 ತಾಸು ಮೀರಬಾರದೆಂದು ಕೇಂದ್ರ ಸರಕಾರ 1992ರಲ್ಲಿಯೇ ಹೇಳಿತ್ತು. 2024ರ ಕಾರ್ಯಪಡೆಯವರು ವಾರಕ್ಕೆ 74 ತಾಸು ಮೀರಬಾರದು, ವಾರಕ್ಕೊಂದು ದಿನ ರಜೆ ಬೇಕು, ದಿನಕ್ಕೆ ಏಳೆಂಟು ತಾಸು ನಿದ್ದೆ ಬೇಕು ಎಂದು ಸಲಹೆ ಮಾಡಿದರು. ವಾರಕ್ಕೊಂದು ದಿನ! ನಮ್ಮ ಒಕ್ಕಲಿಗ ತನ್ನ ಎತ್ತಿಗೆ ಎಂದಿನಿಂದಲೋ ಕೊಡುತ್ತ ಬಂದದ್ದನ್ನು ದೊಡ್ಡ ದೊಡ್ಡ ಪಂಡಿತರು ಕೂಡಿ ಮನುಷ್ಯರಿಗಾಗಿ ಬೇಡಿಕೊಳ್ಳಬೇಕಾಗಿದೆ.

ಅದೇ 2024ರ ಆಗಸ್ಟ್ 9ರಂದು ಕೊಲ್ಕತ್ತದಲ್ಲಿ ಏನಾಯಿತೆಂಬುದು ನಿಮಗೆಲ್ಲ ನೆನಪಿರಬಹುದು. ಮೇಲಿನ ಪದವಿ ಓದುತ್ತಿದ್ದ ಒಬ್ಬ ವೈದ್ಯ ಮಗಳು ದೀರ್ಘ ಪಾಳಿಯ ನಡುವೆ ಕಣ್ಣು ಮುಚ್ಚಲು ಆಸ್ಪತ್ರೆಯ ಸಭಾಕೋಣೆಗೆ ಹೋದಳು. ಅಲ್ಲಿ ಅವಳ ಮಾನವನ್ನೂ ಪ್ರಾಣವನ್ನೂ ತೆಗೆದರು. ಸರ್ವೋಚ್ಚ ನ್ಯಾಯಾಲಯವು ತಾನೇ ಆ ವಿಷಯವನ್ನು ಕೈಗೆತ್ತಿಕೊಂಡು, ವೈದ್ಯರ ರಕ್ಷಣೆಯ ಬಗ್ಗೆ ವಿಚಾರಿಸಲು ರಾಷ್ಟ್ರೀಯ ಕಾರ್ಯಪಡೆಯೊಂದನ್ನು ನೇಮಿಸಿತು. ದಣಿದವಳಿಗೆ ತಲೆ ಊರಲು ಬಾಗಿಲು ಭದ್ರವಾದ ಒಂದು ಕೋಣೆ ಬೇಕು. ಇದನ್ನು ಹೇಳಲು ನ್ಯಾಯಾಲಯ ಬೇಕಾಯಿತಲ್ಲ ಎಂಬುದೇ ನಮ್ಮ ದುಃಖ.

ಇನ್ನೊಂದು ಆಕ್ಷೇಪವಿದೆ. ಅದು ನಮ್ಮ ಧರ್ಮದ ಒಳಗಿನಿಂದಲೇ ಬರುತ್ತದೆ. ಆದಕಾರಣ ಹೆಚ್ಚು ಎಚ್ಚರದಿಂದ ನೋಡಬೇಕು. "ಶರಣರು ಕಾಯಕವನ್ನು ಎಲ್ಲಕ್ಕೂ ಮಿಗಿಲೆಂದರು. ನುಲಿಯ ಚಂದಯ್ಯ ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಜಾರಿ ನೀರಿಗೆ ಬಿದ್ದರೂ ಕಾಯಕ ಬಿಡಲಿಲ್ಲ. ಹಾಗಿರುವಾಗ ಈ ಹುಡುಗರು ನಿದ್ದೆ, ವಿಶ್ರಾಂತಿ ಎನ್ನಬಹುದೇ?" ಎಂದು ಕೇಳುವವರಿದ್ದಾರೆ. ನಾವೂ ಅಂದು ಆ ಮಗಳಿಗೆ ಹೇಳಿದ್ದು ಇದೇ ಅಲ್ಲವೇ?

ವಿಚಾರ ಮಾಡಿರಿ. ಚಂದಯ್ಯನ ಕುಡುಗೋಲು ಚಂದಯ್ಯನದು, ಹುಲ್ಲು ಅವನು ಕೊಯ್ದದ್ದು, ಹಗ್ಗ ಅವನು ಹೊಸೆದದ್ದು. ಅವನ ತಲೆಯ ಮೇಲೆ ನಿಂತು "ಇನ್ನೂ ಹೊಸೆ" ಎನ್ನುವವರು ಯಾರೂ ಇರಲಿಲ್ಲ. ಸ್ವ ಇಚ್ಛೆಯಿಂದ, ಎಚ್ಚರದಿಂದ, ಸಂತೋಷದಿಂದ ಮಾಡಿದಾಗ ಅದು ಕಾಯಕವೆನಿಸುತ್ತದೆ. ಬೇಡವೆನ್ನಲು ಬಾಯಿಲ್ಲದೆ, ನಿಂತಲ್ಲೇ ತೂಕಡಿಸುತ್ತ ಮಾಡಿದ್ದಕ್ಕೆ ಬಿಟ್ಟಿ ಎಂಬ ಬೇರೆ ಹೆಸರಿದೆ. ಬಿಟ್ಟಿಗೆ ಕಾಯಕದ ವಿಭೂತಿ ಹಚ್ಚಿದರೆ ಅದು ಕಾಯಕವಾಗುವುದಿಲ್ಲ.

ಶರಣರು ಕಾಯಕಕ್ಕೆ ಅಳತೆಯನ್ನೂ ಇಟ್ಟಿದ್ದರು. ಆಯ್ದಕ್ಕಿ ಮಾರಯ್ಯ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಸತಿ ಲಕ್ಕಮ್ಮ ಹಿಗ್ಗಲಿಲ್ಲ. ಮಿಕ್ಕ ಅಕ್ಕಿಯನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಸತ್ಕಾರ್ಯವೇ ಆದರೂ ಅಳತೆ ಮೀರಿದರೆ ಅದರೊಳಗೆ ದೋಷ ಸೇರುತ್ತದೆಂದು ಆ ಮಹಾತಾಯಿ ಕಂಡಿದ್ದಳು. ಅಕ್ಕಿಗೆ ಅಳತೆಯಿದ್ದ ಮೇಲೆ ದುಡಿಮೆಯ ತಾಸಿಗೆ ಅಳತೆ ಬೇಡವೇ? ಶರಣರಲ್ಲಿ ವೈದ್ಯ ಸಂಗಣ್ಣ ಎಂಬವನೂ ಇದ್ದ. ವೈದ್ಯವೇ ಅವನ ಕಾಯಕ. ಅಂಥವನು ಕೂಡ ಒಬ್ಬಂಟಿಯಾಗಿ ಕುಳಿತವನಲ್ಲ. ಶರಣರ ಸಂಗದಲ್ಲಿ ಬಾಳಿದವನು. ಅನುಭವ ಮಂಟಪವೆಂದರೆ ಏನು? ಹಗಲೆಲ್ಲ ತಂತಮ್ಮ ಕಾಯಕ ಮಾಡಿದವರು, ಮಡಿವಾಳ ಅಂಬಿಗ ಎಂಬ ಭೇದವಿಲ್ಲದೆ, ಒಂದೆಡೆ ಕೂಡಿ ತಮ್ಮ ಅನುಭವವನ್ನು ಬಿಚ್ಚಿ ಹೇಳುವ ಜಾಗ. ಅಲ್ಲಿ ಸಂಶಯ ಹೇಳಬಹುದಿತ್ತು, ಸೋಲು ಹೇಳಬಹುದಿತ್ತು, ಹಿರಿಯನನ್ನು ಎದುರು ಕೂತು ಪ್ರಶ್ನಿಸಬಹುದಿತ್ತು. ವಾರ್ಡಿನಲ್ಲಿ ಒಬ್ಬ ರೋಗಿ ತೀರಿಕೊಂಡ ದಿನ ಆ ಪಾಳಿಯ ಮಕ್ಕಳನ್ನು ಹಿರಿಯರೊಬ್ಬರು ಅರ್ಧ ತಾಸು ಕೂಡಿಸಿಕೊಂಡು "ಏನಾಯಿತು? ನಿಮಗೆ ಏನನಿಸಿತು?" ಎಂದು ಕೇಳಿದರೆ ಆ ಕೋಣೆಯೇ ಅನುಭವ ಮಂಟಪ.

ಹಿರಿಯರೊಬ್ಬರು ಎಂದೆವು. ಇದರ ಮರ್ಮ ಒಕ್ಕಲಿಗನಿಗೆ ಗೊತ್ತು. ಹೊಸ ಹೋರಿಯನ್ನು ಪಳಗಿಸುವಾಗ ಎರಡು ಎಳೆಯ ಹೋರಿಗಳನ್ನು ಕೂಡಿ ಹೂಡುತ್ತೀರೇನು? ಇಲ್ಲ. ಒಂದು ಪಳಗಿದ ಎತ್ತಿನ ಜೋಡಿ ಹೂಡುತ್ತೀರಿ. ಮೊದಲ ದಿನವೇ ನೇಗಿಲು ಕಟ್ಟುವುದಿಲ್ಲ. ಒಂದು ಕಟ್ಟಿಗೆಯ ತುಂಡು ಎಳೆಸುತ್ತೀರಿ. ಹೆಗಲು ಬಾತಿದೆಯೇ ಎಂದು ಸಂಜೆ ಕೈಯಾಡಿಸಿ ನೋಡುತ್ತೀರಿ. ಬಾತಿದ್ದರೆ ಎಣ್ಣೆ ಅರಿಷಿಣ ಹಚ್ಚಿ ಎರಡು ದಿನ ಬಿಡುತ್ತೀರಿ. ಹೆಗಲು ಕೆಟ್ಟ ಎತ್ತು ಮುಂದೆ ಯಾವ ನೊಗಕ್ಕೂ ಬಾರದೆಂಬುದು ನಿಮಗೆ ಗೊತ್ತು. ನಾವು ಮರಿಯಾಗಿ ಮಠಕ್ಕೆ ಬಂದಾಗ ಎಂಟು ವರ್ಷದವರು. ನಸುಕಿನ ನಾಲ್ಕಕ್ಕೆ ಎದ್ದು ನೀರು ಸೇದಬೇಕು, ಹೂ ಎತ್ತಬೇಕು, ಪಾಠ ಒಪ್ಪಿಸಬೇಕು. ಒಂದು ರಾತ್ರಿ ತಾಯಿಯ ನೆನಪಾಗಿ ಕಂಬದ ಹಿಂದೆ ಅಳುತ್ತಿದ್ದೆವು. ನಮ್ಮ ಗುರುಗಳು ಬಂದು ಉಪದೇಶ ಮಾಡಲಿಲ್ಲ. "ಉಂಡಿಯೇನೋ?" ಎಂದು ಕೇಳಿದರು. ಮರುದಿನ ನಸುಕಿನಲ್ಲಿ ನಮ್ಮನ್ನು ಎಬ್ಬಿಸಲಿಲ್ಲ; ತಾವೇ ನೀರು ಸೇದಿದರು. ಅವರು ಕಲಿಸಿದ ಅನೇಕ ಪಾಠ ಮರೆತಿದ್ದೇವೆ. ಆ ಒಂದು ನಸುಕು ಮರೆತಿಲ್ಲ. ಹೀಗಿದ್ದೂ ಆ ಮಗಳು ಬಂದ ದಿನ ನಮಗೆ ಅದು ನೆನಪಾಗಲಿಲ್ಲ. ಮನುಷ್ಯನ ಮರೆವು ಅಂಥದು.

ವೈದ್ಯರಿಗೆ ಜಗತ್ತಿನಲ್ಲಿ ಒಂದು ಪ್ರತಿಜ್ಞೆಯಿದೆ. ಜಾಗತಿಕ ವೈದ್ಯ ಸಂಘವು 1948ರಲ್ಲಿ ಅದನ್ನು ಜಿನೀವಾ ನಗರದಲ್ಲಿ ರೂಪಿಸಿತು. ರೋಗಿಯ ಹಿತವೇ ಮೊದಲೆಂಬುದು ಅದರ ಸಾರ. 2017ರಲ್ಲಿ ಅದನ್ನು ತಿದ್ದಿದಾಗ ಒಂದು ಹೊಸ ಮಾತು ಸೇರಿತು: ಉತ್ತಮ ಚಿಕಿತ್ಸೆ ಕೊಡಬೇಕಾದರೆ ವೈದ್ಯನು ತನ್ನ ಆರೋಗ್ಯವನ್ನೂ ನೋಡಿಕೊಳ್ಳಬೇಕು ಎಂಬ ಅರ್ಥದ ಮಾತು. ದಾಸೋಹದ ಒಲೆ ಉರಿಸುವವನೂ ಉಣ್ಣಬೇಕು. ಅವನು ಹಸಿದು ಬಿದ್ದ ದಿನ ಪಂಕ್ತಿಯಲ್ಲಿ ಕುಳಿತ ಎಲ್ಲರೂ ಹಸಿದೇ ಏಳಬೇಕಾಗುತ್ತದೆ.

ಇನ್ನು ತಂದೆ ತಾಯಂದಿರಿಗೆ ಎರಡು ಮಾತು.

ಮಗಳು ಫೋನು ಮಾಡಿದಾಗ ಮೊದಲ ಪ್ರಶ್ನೆ "ಮಾರ್ಕ್ಸ್ ಎಷ್ಟು ಬಂದಾವು?" ಎಂದಾಗಬಾರದು. "ಉಂಡಿಯೇನು? ನಿದ್ದಿ ಬಂತೇನು? ಇವತ್ತ ಏನು ನೋಡಿದಿ?" ಎಂದು ಕೇಳಿರಿ. ಕೇಳಿ ಸುಮ್ಮನಾಗಿರಿ, ಅವಳು ಹೇಳಲಿ. "ಆಗವಲ್ದು" ಎಂದರೆ "ಹೊಲಾ ಅಡಾ ಇಟ್ಟೇವಿ" ಎಂದು ಸಾಲದ ಲೆಕ್ಕ ತೆಗೆಯಬೇಡಿರಿ. ಆ ಲೆಕ್ಕ ಅವಳಿಗೆ ನಿಮಗಿಂತ ಚೆನ್ನಾಗಿ ಗೊತ್ತಿದೆ. ಅದೇ ಭಾರಕ್ಕೆ ಅವಳು ಬಾಯಿ ಕಟ್ಟಿಕೊಂಡಿದ್ದಾಳೆ. ಒಂದು ವರ್ಷ ತಡವಾದರೆ ಆಗಲಿ. ಹೊಲವನ್ನು ಮತ್ತೆ ಬಿಡಿಸಿಕೊಳ್ಳಬಹುದು.

ಎರಡನೆಯದು, ಮನಸ್ಸಿನ ಕಾಯಿಲೆಗೆ ನಾಚಬೇಡಿರಿ. "ಧಾರವಾಡಕ್ಕ ಕಳಸಬೇಕು" ಎಂಬುದನ್ನು ನಮ್ಮ ಕಡೆ ಬೈಗಳಾಗಿ ಆಡುತ್ತಾರೆ. ಆ ಮಾತನ್ನು ಇಂದಿಗೆ ಬಿಡಿರಿ. ಬ್ರಿಟಿಷರ ಕಾಲದ ಆ ಹಳೆಯ ಆಸ್ಪತ್ರೆ ಈಗ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಗಿದೆ. ಅಲ್ಲಿ ಚಿಕಿತ್ಸೆಯೂ ಇದೆ, ವಿದ್ಯೆಯೂ ಇದೆ. ಬಸ್ಸು ಹತ್ತಿ ಹೋಗಲಾಗದವರಿಗೆ ಫೋನಿನ ದಾರಿಯಿದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಟೆಲಿ ಮಾನಸ್ ಎಂಬ ವ್ಯವಸ್ಥೆ ಆರಂಭಿಸಿತು. ಅದರ ಸಂಖ್ಯೆ 14416. ಹಗಲಿರುಳು ಎತ್ತುತ್ತಾರೆ, ಹಣವಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು. ರಾತ್ರಿ ಪಾಳಿಯ ಮಗಳು ಎರಡು ಗಂಟೆಗೆ ಕರೆದರೂ ಸರಿಯೇ. ಪೊಲೀಸರ ಭಯವೂ ಬೇಡ. 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ, ಜೀವ ಕಳೆದುಕೊಳ್ಳಲು ಹೋದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು. ಅವರಿಗೆ ಶಿಕ್ಷೆಯ ಬದಲು ಆರೈಕೆ ದೊರೆಯಬೇಕು. ಸಂಖ್ಯೆಯನ್ನು ಮತ್ತೊಮ್ಮೆ ಹೇಳುತ್ತೇವೆ, ಬರೆದುಕೊಳ್ಳಿರಿ: 14416.

ಈ ಸಭೆಯಲ್ಲಿ ಕಲಿಯುವ ಮಕ್ಕಳೂ ಕೆಲವರಿದ್ದೀರಿ. ನಿಮಗೆ ಒಂದೇ ಮಾತು. "ನನಗೆ ಆಗುತ್ತಿಲ್ಲ" ಎನ್ನುವುದು ಸೋಲಲ್ಲ. ರೋಗಿ ಬಂದು ನೋವು ಹೇಳಿಕೊಂಡಾಗ ನೀವು ಅವನನ್ನು ಹೇಡಿ ಎನ್ನುತ್ತೀರೇನು? ಹೇಳಿಕೊಂಡನಲ್ಲ, ಇನ್ನು ಗುಣಪಡಿಸಬಹುದು ಎನ್ನುತ್ತೀರಿ. ಅದೇ ದಯೆಯನ್ನು ನಿಮ್ಮ ಮೇಲೆಯೂ ಇಡಿರಿ. ಪಕ್ಕದ ಮಂಚದ ಗೆಳತಿ ಮಾತು ಕಡಿಮೆ ಮಾಡಿದರೆ, ಊಟ ಬಿಟ್ಟರೆ, ತನ್ನ ವಸ್ತುಗಳನ್ನು ಹಂಚತೊಡಗಿದರೆ, ಆ ಹುಡುಗಿ ಮಾಡಿದಂತೆ ಮಾಡಿರಿ. ಕೇಳಿರಿ, ಕುಳಿತುಕೊಳ್ಳಿರಿ, ಕರೆದೊಯ್ಯಿರಿ. ಗುಟ್ಟು ಕಾಯುತ್ತೇನೆಂದು ಭಾಷೆ ಕೊಟ್ಟಿದ್ದರೂ ಆ ಒಂದು ಗುಟ್ಟನ್ನು ಹಿರಿಯರಿಗೆ ಹೇಳಿರಿ; ಭಾಷೆಗಿಂತ ಜೀವ ದೊಡ್ಡದು.

ಮಠವೂ ತನ್ನ ಪಾಲಿನದನ್ನು ಮಾಡಬೇಕು. ಅಮಾವಾಸ್ಯೆಯ ಮರುದಿನ ಸಂಜೆ ಹಿಂದಿನ ಪಡಸಾಲೆಯನ್ನು ಈ ಮಕ್ಕಳಿಗಾಗಿ ತೆರೆದಿಡುತ್ತೇವೆ. ಪ್ರವಚನವಿಲ್ಲ, ಸಾಲಿನಲ್ಲಿ ನಿಲ್ಲುವುದಿಲ್ಲ. ಬಿಸಿ ರೊಟ್ಟಿ ಇರುತ್ತದೆ, ಮಲಗಲು ಜಮಖಾನೆ ಇರುತ್ತದೆ, ಮಾತಾಡಬೇಕೆನಿಸಿದರೆ ಕೇಳಲು ನಾವಿರುತ್ತೇವೆ. ಬರಿದೆ ನಿದ್ದೆ ಮಾಡಿ ಎದ್ದು ಹೋದರೂ ನಮಗೆ ಸಂತೋಷವೇ. ನಮ್ಮ ಕೈಲಾಗದ್ದೆಂದು ಕಂಡರೆ ಬಲ್ಲ ವೈದ್ಯರ ಬಳಿ ನಾವೇ ಜೊತೆಗೆ ಬರುತ್ತೇವೆ. ಅಂದು ಒಬ್ಬ ಮಗಳನ್ನು ಎರಡು ಬಾಳೆಹಣ್ಣು ಕೊಟ್ಟು ಕಳಿಸಿದ ಸಾಲ ನಮ್ಮ ಮೇಲಿದೆ. ಅದನ್ನು ಹೀಗೆ ತೀರಿಸುತ್ತೇವೆ.

ಭಕ್ತರೇ, ಮನೆಗೆ ಹೋದೊಡನೆ ಎತ್ತಿನ ಮೈದಡವಿ ಮೇವು ಹಾಕುವಿರಿ, ಅದು ನಿಮ್ಮ ಧರ್ಮ. ಅದಾದ ಮೇಲೆ ಪಟ್ಟಣದಲ್ಲಿರುವ ಮಗನಿಗೋ ಮಗಳಿಗೋ ಒಂದು ಫೋನು ಮಾಡಿರಿ. "ಇವತ್ತ ಸೋಮಾರ, ಜರಾ ಕುಂಡರು, ನನ್ನ ಕೂಡ ಮಾತಾಡು" ಎನ್ನಿರಿ.

ಇಷ್ಟು ಹೇಳಿ ನಮ್ಮ ಮಾತಿಗೆ ಮಂಗಲ ಮಾಡುತ್ತೇವೆ. ರೋಗಿಗಳಿಗೂ, ರೋಗಿಗಳ ಸೇವೆ ಕಲಿಯುವ ಮಕ್ಕಳಿಗೂ, ಅವರನ್ನು ಹೆತ್ತ ನಿಮಗೂ ಒಳಿತಾಗಲಿ.